ಅಳುತ್ತಾ ಮನೆಗೆ ಬಂದ ಮಗು: ಕುತ್ತಾಬ್‌ಗಳ ಇತಿಹಾಸದ ಕೆಲವು ಪುಟಗಳು

ಹಿಜರಿ 2ನೇ ವರ್ಷದ ರಮಝಾನ್ ತಿಂಗಳಲ್ಲಿ, ಅಂದರೆ ಕ್ರಿ.ಶ. 624ರಲ್ಲಿ, ಬದ್ರ್ ಯುದ್ಧ ನಡೆಯಿತು. ಮಕ್ಕಾದ ಕುರೈಶರ ಪೈಕಿ ಸುಮಾರು 70 ಮಂದಿ ಸೆರೆಸಿಕ್ಕರು. ವಿಮೋಚನಾ ಧನ ತೆರಲು ಶಕ್ತರಾದವರು ಅದನ್ನು ತೆತ್ತು ಊರಿಗೆ ಮರಳಿದರು. ಧನವಿಲ್ಲದ, ಆದರೆ ಅಕ್ಷರ ಬಲ್ಲ ಕೆಲವರಿಗೆ ಪ್ರವಾದಿವರ್ಯರು(ಸ) ಬೇರೊಂದು ದಾರಿ ತೋರಿದರು. ಅನ್ಸಾರ್‌ಗಳ ಮಕ್ಕಳಿಗೆ ಅವರು ಬರವಣಿಗೆ ಕಲಿಸಿಕೊಟ್ಟರೆ ಅದೇ ಅವರ ವಿಮೋಚನಾ ಧನವಾಗುತ್ತಿತ್ತು. ಶತ್ರುವಿನಿಂದಲೂ ವಿದ್ಯೆ ಪಡೆಯಬಹುದು ಎಂಬುದಕ್ಕೆ ನಿದರ್ಶನವಾಗಿ ಈ ಘಟನೆಯನ್ನು ನಾವು ಎಷ್ಟೋ ವೇದಿಕೆಗಳಲ್ಲಿ ಕೇಳಿದ್ದೇವೆ. ಪವಿತ್ರ ಕುರ್‌ಆನನ್ನು ಗ್ರಂಥರೂಪದಲ್ಲಿ ಒಟ್ಟುಗೂಡಿಸುವ ಹೊಣೆಯನ್ನು ಮುಂದೆ ಹೊತ್ತ ಝೈದ್ ಬಿನ್ ಸಾಬಿತ್(ರ) ಹೀಗೆ ಬರಹ ಕಲಿತ ಬಾಲಕರಲ್ಲಿ ಒಬ್ಬರು ಎಂದು ಇಬ್ನು ಸಅದ್ ದಾಖಲಿಸಿದ್ದಾರೆ.

ಆದರೆ ಇಮಾಮ್ ಅಹ್ಮದ್(ರ) ಅವರ ಮುಸ್ನದ್‌ನಲ್ಲಿ ಇಬ್ನು ಅಬ್ಬಾಸ್(ರ) ಅವರಿಂದ ಬಂದಿರುವ ಈ ವರದಿಗೆ ಇನ್ನೊಂದು ತುಣುಕು ಇದೆ. ಭಾಷಣಕಾರರು ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗುವುದಿಲ್ಲ. ಒಂದು ದಿನ ಆ ಮಕ್ಕಳಲ್ಲೊಬ್ಬ ಅಳುತ್ತಾ ತಂದೆಯ ಬಳಿಗೆ ಬಂದ. ಏನಾಯಿತೆಂದು ತಂದೆ ಕೇಳಿದರು. ಕಲಿಸುವವನು ಹೊಡೆದನೆಂದು ಹುಡುಗ ಹೇಳಿದ. ತಂದೆ ಸಿಡಿದೆದ್ದರು. ಆ ದುಷ್ಟ ಬದ್ರ್‌ನ ಸೇಡನ್ನು ನನ್ನ ಮಗುವಿನ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ ಎಂದರು. ಇನ್ನು ಮುಂದೆ ನೀನು ಅವನ ಬಳಿಗೆ ಹೋಗಕೂಡದು ಎಂದು ಅಲ್ಲಾಹನ ಮೇಲೆ ಆಣೆಯಿಟ್ಟರು.

ವರದಿ ಇಲ್ಲಿಗೆ ಮುಗಿಯುತ್ತದೆ. ಆ ಹುಡುಗನ ಹೆಸರು ಅದರಲ್ಲಿಲ್ಲ, ತಂದೆಯ ಹೆಸರೂ ಇಲ್ಲ. ಕಲಿಸುವವನು ನಿಜವಾಗಿಯೂ ಸೇಡು ತೀರಿಸಿಕೊಂಡನೋ ಅಥವಾ ಹುಡುಗನೇ ತಂಟೆ ಮಾಡಿದ್ದನೋ ಎಂಬುದು ನಮಗೆ ತಿಳಿಯದು. ತಂದೆಯ ತೀರ್ಮಾನ ಅವಸರದ್ದಾಗಿದ್ದಿರಲೂಬಹುದು. ಆದರೂ ಈ ಕಿರುಘಟನೆಯನ್ನು ಓದಿದಾಗಲೆಲ್ಲ ನನ್ನ ಗಮನ ನಿಲ್ಲುವುದು ತಂದೆಯ ಮೊದಲ ಪ್ರಶ್ನೆಯ ಮೇಲೆ. ‘ನೀನೇನು ಮಾಡಿದೆ?’ ಎಂದು ಅವರು ಕೇಳಲಿಲ್ಲ. ನಿನಗೇನಾಯಿತು ಎಂದು ಕೇಳಿದರು. ಇಸ್ಲಾಮೀ ಸಮಾಜದ ಮೊತ್ತಮೊದಲ ಅಕ್ಷರಶಾಲೆಯ ನೆನಪಿನಲ್ಲಿಯೇ ಒಂದು ಮಗುವಿನ ಕಣ್ಣೀರು ಸೇರಿಕೊಂಡಿದೆ. ವರದಿಗಾರರು ಅದನ್ನು ಅಳಿಸಿಹಾಕಲಿಲ್ಲ.

ನಾನು ಕಲಿತ ಮದ್ರಸದಲ್ಲಿ ಒಂದು ಬೆತ್ತವಿತ್ತು. ಒಂದು ಮುಂಜಾನೆ ಅಂಗೈ ಬಾತುಕೊಂಡು ಮನೆಗೆ ಬಂದ ನಾನು ಉಮ್ಮನಿಂದ ಕೈ ಮರೆಮಾಡಿ ಎಡಗೈಯಲ್ಲಿ ಚಹಾದ ಲೋಟ ಹಿಡಿದುಕೊಂಡೆ. ಹೇಳಿದರೆ ಇನ್ನೆರಡು ಬೀಳುತ್ತವೆಂಬ ಭಯ. ಎಡಗೈಯಲ್ಲಿ ಕುಡಿದುದಕ್ಕೆ ಉಮ್ಮ ಗದರಿಸಿದರು, ಅಷ್ಟೆ. ಆ ಉಸ್ತಾದರ ಮೇಲೆ ಇಂದು ನನಗೆ ದೂರಿಲ್ಲ. ಆದರೆ ಆ ದಿನ ಓದಿದ್ದು ಯಾವ ಪಾಠವೆಂದು ನೆನಪಿಲ್ಲ. ಲೋಟದ ಬಿಸಿ ಮಾತ್ರ ನೆನಪಿದೆ.

ಅಳುತ್ತಾ ಬಂದ ಇನ್ನೊಂದು ಮಗು ಕೂಫಾ ನಗರದ್ದು. ಹಿಜರಿ ಎರಡನೆಯ ಶತಮಾನದಲ್ಲಿ ಅಲ್ಲಿ ಸಅದ್ ಬಿನ್ ತ್ವರೀಫ್ ಎಂಬ ಪಾದರಕ್ಷೆ ಮಾಡುವವನಿದ್ದ. ಹದೀಸ್ ವರದಿ ಮಾಡುವ ಹವ್ಯಾಸವೂ ಅವನಿಗಿತ್ತು. ಒಮ್ಮೆ ಅವನು ಕೆಲವರೊಂದಿಗೆ ಕುಳಿತಿದ್ದಾಗ ಅವನ ಮಗ ಮಕ್ತಬ್‌ನಿಂದ ಅಳುತ್ತಾ ಬಂದು ಗುರುಗಳು ಹೊಡೆದರೆಂದು ಹೇಳಿದ. ಇಂದು ಅವರ ಮಾನ ಕಳೆಯುತ್ತೇನೆ ಎನ್ನುತ್ತಾ ಆ ತಂದೆ ಅಲ್ಲೇ ಒಂದು ಹದೀಸನ್ನು ಹೊಸೆದ. ಮಕ್ಕಳಿಗೆ ಕಲಿಸುವವರು ಈ ಸಮುದಾಯದ ಅತ್ಯಂತ ಕೆಟ್ಟ ಜನ, ಅನಾಥರ ಮೇಲೆ ಕರುಣೆಯಿಲ್ಲದವರು ಎಂಬ ಅರ್ಥದ ಮಾತನ್ನು ಇಬ್ನು ಅಬ್ಬಾಸ್(ರ) ಅವರ ಮೂಲಕ ಪ್ರವಾದಿವರ್ಯರಿಗೆ(ಸ) ತಲುಪುವ ಸರಪಳಿಯೊಂದಿಗೆ ಕೂಡಿಸಿ ಹೇಳಿಬಿಟ್ಟ.

ಹದೀಸ್ ವಿಜ್ಞಾನದ ಗ್ರಂಥಗಳಲ್ಲಿ ಈ ಪ್ರಸಂಗ ಬಹಳ ಪ್ರಸಿದ್ಧ. ಸುಳ್ಳು ಹದೀಸ್‌ಗಳು ಹೇಗೆ ಹುಟ್ಟುತ್ತವೆ ಎಂಬುದಕ್ಕೆ ಅದು ಪಠ್ಯಪುಸ್ತಕದ ಉದಾಹರಣೆ. ಪ್ರವಾದಿಯವರ(ಸ) ಹೆಸರಿನಲ್ಲಿ ಸುಳ್ಳು ಹೇಳುವುದು ಘೋರ ಪಾಪ. ಮಗುವಿನ ಅಳು ಅದಕ್ಕೆ ಸಮರ್ಥನೆಯಾಗದು, ವಿದ್ವಾಂಸರು ಅದನ್ನು ನಿರ್ದಾಕ್ಷಿಣ್ಯವಾಗಿ ತಳ್ಳಿಹಾಕಿದ್ದಾರೆ. ಆದರೆ ಹದೀಸ್ ಸುಳ್ಳಾದರೂ ಅಳು ಸುಳ್ಳಾಗಿರಲಿಲ್ಲ. ಮದೀನಾದ ತಂದೆ ಆಣೆಯಿಟ್ಟು ಮಗನನ್ನು ಬಿಡಿಸಿಕೊಂಡರೆ ಕೂಫಾದ ತಂದೆಗೆ ಸುಳ್ಳಿನ ಹೊರತು ಬೇರೆ ಆಯುಧ ಹೊಳೆಯಲಿಲ್ಲ. ಗುರುವನ್ನು ಪ್ರಶ್ನಿಸಲು ಅವನ ಕೈಯಲ್ಲಿ ಲಿಖಿತ ನಿಯಮವೇನೂ ಇರಲಿಲ್ಲ.

ಅಂತಹ ನಿಯಮಗಳನ್ನು ಒಂದು ಪುಸ್ತಕವಾಗಿ ಬರೆದಿಟ್ಟ ಕೀರ್ತಿ ಕೈರವಾನ್ ನಗರಕ್ಕೆ ಸಲ್ಲುತ್ತದೆ. ಇಂದಿನ ಟ್ಯುನೀಶಿಯದಲ್ಲಿರುವ ಈ ಊರಿನ ನ್ಯಾಯಾಧೀಶರಾಗಿದ್ದ ಸಹ್ನೂನ್(ರ), ಮಾಲಿಕೀ ಪಂಥದ ‘ಮುದವ್ವನ’ ಎಂಬ ಮಹಾಗ್ರಂಥವನ್ನು ರೂಪಿಸಿದವರು. ಅವರ ಮಗ ಮುಹಮ್ಮದ್ ಬಿನ್ ಸಹ್ನೂನ್ (817–870) ತಂದೆಯಿಂದ ಕೇಳಿದ ಫತ್ವಾಗಳನ್ನು ಆಧಾರವಾಗಿಟ್ಟು ‘ಆದಾಬುಲ್ ಮುಅಲ್ಲಿಮೀನ್’ ಎಂಬ ಕಿರುಹೊತ್ತಗೆಯನ್ನು ಬರೆದರು. ಮಕ್ಕಳಿಗೆ ಕಲಿಸುವವರ ಶಿಷ್ಟಾಚಾರಗಳು ಎಂದು ಅದರ ಹೆಸರಿನ ಅರ್ಥ. ಕೂಫಾದ ಆ ಪ್ರಸಂಗವೂ ಈ ಹೊತ್ತಗೆಯಲ್ಲಿ ಬಂದಿದೆ. ಅದರ ಕೆಳಗೆ ಇಬ್ನು ಸಹ್ನೂನ್ ಒಂದು ಚಿಕ್ಕ ವಿವರಣೆಯನ್ನು ಸೇರಿಸಿದ್ದಾರೆ. ಗುರುಗಳ ಬಗ್ಗೆ ಇಂಥ ಮಾತು ಬರುವುದು ಅವರು ಮಗುವಿನ ಹಿತಕ್ಕಾಗಿ ಅಲ್ಲ, ತಮ್ಮ ಕೋಪಕ್ಕಾಗಿ ಹೊಡೆದಾಗ ಎಂಬುದು ಅದರ ಸಾರ. ಕೋಪ ಮತ್ತು ಹಿತ ಎಂಬ ಈ ಎರಡು ಪದಗಳ ನಡುವಿನ ಗೆರೆಯೇ ಇಡೀ ಪುಸ್ತಕದ ಬೆನ್ನೆಲುಬು.

ಕುತ್ತಾಬ್ ಎಂದರೆ ನಮ್ಮ ಮದ್ರಸಗಳ ಮುತ್ತಜ್ಜ. ಆರೇಳು ವರ್ಷದ ಮಕ್ಕಳು ಅಲ್ಲಿ ಚಾಪೆಯ ಮೇಲೆ ಕುಳಿತು, ಮರದ ಹಲಗೆಯ ಮೇಲೆ ಶಾಯಿಯಿಂದ ಬರೆದು, ಬರೆದುದನ್ನು ಬಾಯಿಪಾಠ ಮಾಡಿ, ಹಲಗೆಯನ್ನು ತೊಳೆದು ಮುಂದಿನ ಪಾಠ ಬರೆಯುತ್ತಿದ್ದರು. ಇಂತಹ ಮಕ್ಕಳ ವಿಷಯದಲ್ಲಿ ಇಬ್ನು ಸಹ್ನೂನ್ ಹಾಕಿದ ಗಡಿಗಳು ಸ್ಪಷ್ಟ. ತಲೆಗೆ ಹೊಡೆಯಬಾರದು, ಮುಖಕ್ಕೆ ಹೊಡೆಯಬಾರದು. ಮೂರು ಪೆಟ್ಟುಗಳನ್ನು ಮೀರಬಾರದು. ಮೀರಬೇಕಾದರೆ ತಂದೆಯ ಅನುಮತಿ ಬೇಕು, ಆಗಲೂ ಹತ್ತನ್ನು ದಾಟಬಾರದು. ಊಟಕ್ಕೆ ಮನೆಯಿಂದ ಕರೆ ಬಂದರೆ ಅನ್ನ ನೀರಿನಿಂದ ಮಗುವನ್ನು ತಡೆಹಿಡಿಯಬಾರದು. ಬಡವರ ಮಗು, ಶ್ರೀಮಂತರ ಮಗು ಎಂಬ ಭೇದ ಮಾಡಿದ ಗುರುವನ್ನು ಪರಲೋಕದಲ್ಲಿ ವಂಚಕರ ಸಾಲಿನಲ್ಲಿ ಎಬ್ಬಿಸಲಾಗುವುದು ಎಂಬ ಎಚ್ಚರಿಕೆಯನ್ನೂ ಅವರು ವರದಿ ಮಾಡುತ್ತಾರೆ. ಮಕ್ಕಳನ್ನು ತನ್ನ ಸ್ವಂತ ಕೆಲಸಗಳಿಗೆ ಓಡಾಡಿಸಬಾರದು. ಪಾಠದ ಹೊತ್ತಿನಲ್ಲಿ ಮಕ್ಕಳನ್ನು ಬಿಟ್ಟು ಅನಿವಾರ್ಯವಲ್ಲದ ಜನಾಝಕ್ಕೂ ಗುರು ಹೋಗುವಂತಿಲ್ಲ. ಸಂಬಳ ಪಡೆಯುವವನ ಸಮಯ ಮಕ್ಕಳಿಗೆ ಸೇರಿದ್ದು. ಜನಾಝದಲ್ಲಿ ಪಾಲ್ಗೊಳ್ಳುವುದು ಎಷ್ಟು ದೊಡ್ಡ ಪುಣ್ಯವೆಂದು ಬಲ್ಲ ನಮಗೆ ಈ ನಿಯಮದ ತೂಕ ಅರ್ಥವಾಗಬೇಕು.

ಅದೇ ಹೊತ್ತಗೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ದಂಡನೆಗೆ ಸಂಬಂಧಿಸಿದ್ದಲ್ಲ, ನೀರಿಗೆ ಸಂಬಂಧಿಸಿದ್ದು. ಹಲಗೆಯ ಮೇಲಿನ ಕುರ್‌ಆನ್ ವಚನಗಳನ್ನು ಅಳಿಸುವುದು ಹೇಗೆ ಎಂಬ ಪ್ರಶ್ನೆಗೆ ಅನಸ್(ರ) ಅವರ ಹೇಳಿಕೆಯೊಂದನ್ನು ಇಬ್ನು ಸಹ್ನೂನ್ ಉದ್ಧರಿಸುತ್ತಾರೆ. ಮೊದಲ ಖಲೀಫರ ಕಾಲದಲ್ಲಿ ಗುರುವಿನ ಬಳಿ ಒಂದು ಪಾತ್ರೆ ಇರುತ್ತಿತ್ತು. ಪ್ರತಿದಿನ ಒಬ್ಬೊಬ್ಬ ಬಾಲಕ ಸರದಿಯಂತೆ ಶುದ್ಧ ನೀರು ತಂದು ಅದರಲ್ಲಿ ಸುರಿಯುತ್ತಿದ್ದ. ಎಲ್ಲರೂ ಆ ನೀರಿನಿಂದ ಹಲಗೆ ಒರೆಸಿದ ಬಳಿಕ ನೆಲದಲ್ಲಿ ಗುಂಡಿ ತೋಡಿ ನೀರನ್ನು ಸುರಿಯುತ್ತಿದ್ದರು. ಅದು ಮಣ್ಣಿನಲ್ಲಿ ಇಂಗುತ್ತಿತ್ತು. ಪವಿತ್ರ ಗ್ರಂಥದ ಗೌರವವನ್ನು ಭಾಷಣದಿಂದಲ್ಲ, ಗದರಿಕೆಯಿಂದಲೂ ಅಲ್ಲ, ಸರದಿಯಂತೆ ಬರುವ ಒಂದು ಕೊಡ ನೀರಿನ ಹೊಣೆಯಿಂದ ಆ ಮಕ್ಕಳು ಕಲಿತರು. ಇಂದು ನನ್ನ ಸರದಿ ಎಂದು ಬೆಳಗ್ಗೆ ಬೇಗನೆ ಎದ್ದ ಮಗುವಿನ ಮುಖವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಇಬ್ನು ಸಹ್ನೂನ್‌ರ ಸ್ವಂತ ಬಾಲ್ಯದ ಬಗ್ಗೆಯೂ ಕೈರವಾನ್‌ನ ವಿದ್ವಾಂಸರ ಚರಿತ್ರೆಗಳಲ್ಲಿ ಒಂದು ಮಾತು ಉಳಿದಿದೆ. ಮಗನನ್ನು ಕುತ್ತಾಬ್‌ಗೆ ಸೇರಿಸಿದಾಗ ತಂದೆ ಸಹ್ನೂನ್ ಗುರುವಿಗೆ ಹೇಳಿಕಳುಹಿಸಿದ್ದರಂತೆ. ಇವನನ್ನು ಹೊಗಳಿಕೆಯಿಂದಲೂ ಮೃದು ಮಾತುಗಳಿಂದಲೂ ತಿದ್ದಬೇಕು, ಪೆಟ್ಟಿನಿಂದಲೂ ಗದರಿಕೆಯಿಂದಲೂ ತಿದ್ದಬಹುದಾದ ಹುಡುಗ ಇವನಲ್ಲ ಎಂಬುದು ಆ ಸಂದೇಶ. ವಿದ್ವಾಂಸನ ಮಗನಾದುದರಿಂದ ಈ ರಿಯಾಯಿತಿ ದೊರೆತಿರಬಹುದು ಎಂದು ಯಾರಾದರೂ ಹೇಳಿದರೆ ನಾನು ವಾದಿಸಲಾರೆ. ಬಡಪಾಯಿಯ ಮಗನಿಗೆ ಇಂತಹ ಸಂದೇಶ ಕಳುಹಿಸುವವರು ಯಾರು? ಆದರೆ ತನಗೆ ದೊರೆತ ರಿಯಾಯಿತಿಯನ್ನು ಈ ಮಗ ತನ್ನಲ್ಲೇ ಇಟ್ಟುಕೊಳ್ಳಲಿಲ್ಲ. ಬೆಳೆದು ದೊಡ್ಡವನಾದ ಮೇಲೆ ಊರಿನ ಎಲ್ಲ ಮಕ್ಕಳಿಗೂ ಅನ್ವಯಿಸುವ ಗಡಿಗಳನ್ನು ಬರೆದಿಟ್ಟ.

ಒಂದೂವರೆ ಶತಮಾನದ ಬಳಿಕ ಅದೇ ಕೈರವಾನ್‌ನಲ್ಲಿ ಅಬುಲ್ ಹಸನ್ ಅಲ್ ಕಾಬಿಸೀ (935–1012) ಇದೇ ವಿಷಯದ ಮೇಲೆ ಇನ್ನಷ್ಟು ವಿಸ್ತಾರವಾದ ಗ್ರಂಥ ಬರೆದರು. ಅವರು ಅಂಧರು. ಆದರೆ ಗುರುವಿನ ಮುಖಭಾವದ ಬಗ್ಗೆ ಅವರಷ್ಟು ಸೂಕ್ಷ್ಮವಾಗಿ ಬರೆದವರು ವಿರಳ. ಸದಾ ಹುಬ್ಬು ಗಂಟಿಕ್ಕಿಕೊಂಡಿರುವುದು ಅಸಹ್ಯಕರ ಒರಟುತನ ಎನ್ನುತ್ತಾರೆ. ಅಷ್ಟೇ ಅಲ್ಲ, ಅದರಿಂದ ಪ್ರಯೋಜನವೂ ಇಲ್ಲ. ಮಕ್ಕಳಿಗೆ ಅದು ರೂಢಿಯಾಗಿಬಿಡುತ್ತದೆ, ಬಳಿಕ ಅವರು ಅದಕ್ಕೆ ಹೆದರುವುದೇ ಇಲ್ಲ. ಗಂಭೀರ ಮುಖ ಅಪರೂಪವಾಗಿದ್ದರೆ ಮಾತ್ರ ಅದಕ್ಕೆ ಬೆಲೆ. ಕೋಪದಲ್ಲಿರುವ ಗುರು ಶಿಕ್ಷಿಸಬಾರದು ಎಂಬುದಕ್ಕೆ ಅವರು ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್(ರ) ಅವರ ನಿದರ್ಶನ ಕೊಡುತ್ತಾರೆ. ಒಬ್ಬನಿಗೆ ಚಾಟಿಯೇಟು ವಿಧಿಸಿದ ಖಲೀಫರು ಕೊನೆಯ ಕ್ಷಣದಲ್ಲಿ ಅವನನ್ನು ಬಿಟ್ಟುಬಿಟ್ಟರು. ಕಾರಣ ಕೇಳಿದಾಗ, ತನ್ನೊಳಗೆ ಕೋಪವಿರುವುದನ್ನು ಕಂಡೆ, ಕೋಪದಲ್ಲಿ ಹೊಡೆಯುವುದು ಇಷ್ಟವಾಗಲಿಲ್ಲ ಎಂದರಂತೆ. ಬೆಳೆದ ಗಂಡಸಿನ ವಿಷಯದಲ್ಲಿಯೇ ಹೀಗಾದರೆ ಏಳು ವರ್ಷದ ಮಗುವಿನ ವಿಷಯದಲ್ಲಿ ಹೇಗಿರಬೇಕು?

ಇಲ್ಲಿ ಒಂದು ವಿಷಯವನ್ನು ಮರೆಮಾಚದೆ ಹೇಳಬೇಕು. ಈ ಗ್ರಂಥಗಳು ಬೆತ್ತವನ್ನು ಸಂಪೂರ್ಣವಾಗಿ ನಿಷೇಧಿಸಲಿಲ್ಲ. ಆಧುನಿಕ ಶಿಕ್ಷಣಶಾಸ್ತ್ರ ಹೇಳುವುದೆಲ್ಲವೂ ನಮ್ಮಲ್ಲಿ ಸಾವಿರ ವರ್ಷಗಳ ಹಿಂದೆಯೇ ಇತ್ತು ಎಂದು ಎದೆಯುಬ್ಬಿಸುವ ಲೇಖನಗಳನ್ನು ನಾವು ಓದುತ್ತಿರುತ್ತೇವೆ, ಅವು ಪ್ರಾಮಾಣಿಕವಲ್ಲ. ಇಮಾಮ್ ಗಝಾಲಿ(ರ) ಅವರೂ ಗುರು ಹೊಡೆದಾಗ ಮಗು ಬೊಬ್ಬಿಡದೆ ಸಹಿಸಿಕೊಳ್ಳುವುದನ್ನು ಕಲಿಯಲಿ ಎಂದೇ ಬರೆದಿದ್ದಾರೆ. ಆ ಕಾಲದ ಜಗತ್ತಿನಲ್ಲಿ ಬೆತ್ತವಿಲ್ಲದ ಶಾಲೆ ಯಾರ ಕಲ್ಪನೆಯಲ್ಲೂ ಇದ್ದಂತೆ ಕಾಣುವುದಿಲ್ಲ. ಅಂತಹ ಕಾಲದಲ್ಲಿ ಇವರು ಬೆತ್ತಕ್ಕೆ ಎಣಿಕೆ ಹಾಕಿದರು, ಜಾಗ ಗೊತ್ತುಮಾಡಿದರು, ಕೋಪವನ್ನು ಅದರಿಂದ ಬೇರ್ಪಡಿಸಿದರು. ಎಲ್ಲಕ್ಕಿಂತ ಮಿಗಿಲಾಗಿ, ಪೆಟ್ಟು ಬಿದ್ದ ಮೇಲೆ ಮಗುವಿನ ಒಳಗೆ ಏನಾಗುತ್ತದೆ ಎಂದು ಯೋಚಿಸತೊಡಗಿದರು.

ಆ ಒಳಗಿನ ಲೋಕವನ್ನು ವೈದ್ಯನ ಕಣ್ಣಿನಿಂದ ನೋಡಿದವರು ಇಬ್ನು ಸೀನಾ (980–1037). ಅವರ ‘ಅಲ್ ಕಾನೂನ್’ ವೈದ್ಯಗ್ರಂಥದ ಮೊದಲ ಸಂಪುಟದಲ್ಲಿ ಮಕ್ಕಳ ಆರೈಕೆಯ ಒಂದು ಅಧ್ಯಾಯವಿದೆ. ಮಗುವನ್ನು ತೀವ್ರ ಕೋಪ, ಅತಿಯಾದ ಭಯ, ದುಃಖ ಮತ್ತು ನಿದ್ರಾಹೀನತೆಗಳಿಂದ ಕಾಪಾಡಬೇಕೆಂದು ಅವರು ಹೇಳುತ್ತಾರೆ. ಮಗು ಯಾವುದಕ್ಕೆ ಹಂಬಲಿಸುತ್ತದೆ, ಯಾವುದರಿಂದ ದೂರ ಸರಿಯುತ್ತದೆ ಎಂಬುದನ್ನು ಗಮನಿಸುತ್ತಿರಬೇಕು. ಇದರಿಂದ ಮನಸ್ಸಿಗೂ ಲಾಭ, ದೇಹಕ್ಕೂ ಲಾಭ. ಮನಸ್ಸಿನ ಕ್ಷೋಭೆ ಶರೀರದ ಸಮತೋಲನವನ್ನೇ ಕೆಡಿಸುತ್ತದೆ ಎಂಬುದು ಅವರ ವಾದ. ಆರು ವರ್ಷವಾದಾಗ ಮಗುವನ್ನು ಗುರುವಿನ ಬಳಿಗೆ ಕಳುಹಿಸಬೇಕು, ಆದರೆ ಮೆಲ್ಲಮೆಲ್ಲನೆ. ಮೊದಲ ದಿನದಿಂದಲೇ ಪುಸ್ತಕಕ್ಕೆ ಕಟ್ಟಿಹಾಕಬಾರದು. ಇದನ್ನು ಅವರು ಬರೆದಿರುವುದು ನೀತಿಗ್ರಂಥದಲ್ಲಲ್ಲ, ಜ್ವರ ಮತ್ತು ನಾಡಿಗಳ ಬಗ್ಗೆ ಹೇಳುವ ಗ್ರಂಥದಲ್ಲಿ ಎಂಬುದನ್ನು ಗಮನಿಸಬೇಕು. ಮಗುವಿನ ಭಯ ಅವರ ಪಾಲಿಗೆ ಆರೋಗ್ಯದ ಸಮಸ್ಯೆಯಾಗಿತ್ತು.

ಅವರದ್ದೆಂದು ಪ್ರಸಿದ್ಧವಾಗಿರುವ ‘ಕಿತಾಬುಸ್ಸಿಯಾಸ’ ಎಂಬ ಪುಟ್ಟ ಗ್ರಂಥದಲ್ಲಿ ಇನ್ನೊಂದು ಒಳನೋಟವಿದೆ. ಮನೆಯಲ್ಲಿಯೇ ಒಬ್ಬ ಗುರುವನ್ನಿಟ್ಟು ಮಗುವಿಗೆ ಒಂಟಿಯಾಗಿ ಕಲಿಸುವುದು ಗುರುವಿಗೂ ಶಿಷ್ಯನಿಗೂ ಬೇಸರ ತರಿಸುತ್ತದೆ. ಮಗು ಕಲಿಯುವುದು ಇನ್ನೊಂದು ಮಗುವಿನಿಂದ. ಜೊತೆಯವರೊಂದಿಗೆ ಹರಟುತ್ತದೆ, ಪೈಪೋಟಿ ಮಾಡುತ್ತದೆ, ಅವರ ಮನೆಗೆ ಹೋಗುತ್ತದೆ, ತನ್ನ ಮನೆಗೆ ಕರೆಯುತ್ತದೆ. ಗುಣ ರೂಪುಗೊಳ್ಳುವುದೇ ಹೀಗೆ. ಕೋವಿಡ್ ಕಾಲದಲ್ಲಿ ಮೊಬೈಲ್ ಮುಂದೆ ಒಂಟಿಯಾಗಿ ಕುಳಿತು ಒಂದನೆಯ ತರಗತಿ ಮುಗಿಸಿದ ಮಕ್ಕಳನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಮಾಮ್ ಗಝಾಲಿ(ರ) (1058–1111) ತಂದೆಯನ್ನು ಎಳೆಯ ವಯಸ್ಸಿನಲ್ಲಿಯೇ ಕಳೆದುಕೊಂಡವರು. ‘ಇಹ್ಯಾ’ದಲ್ಲಿ ಮಕ್ಕಳ ಪಾಲನೆಯ ಬಗ್ಗೆ ಬರೆಯುವಾಗ ಅವರು ಎರಡು ವಿಷಯಗಳಲ್ಲಿ ಅನಿರೀಕ್ಷಿತವಾಗಿ ಮೃದುವಾಗುತ್ತಾರೆ. ಮೊದಲನೆಯದು ಆಟ. ಕುತ್ತಾಬ್‌ನಿಂದ ಮರಳಿದ ಮಗುವಿಗೆ ದಣಿವಾರಿಸುವಂತಹ ಒಳ್ಳೆಯ ಆಟಕ್ಕೆ ಅವಕಾಶ ಕೊಡಲೇಬೇಕು. ಆಟವನ್ನು ತಡೆದು ಸದಾ ಓದಿಗೆ ಜಗ್ಗಿದರೆ ಮಗುವಿನ ಹೃದಯ ಸಾಯುತ್ತದೆ, ಬುದ್ಧಿ ಮಂದವಾಗುತ್ತದೆ, ಬದುಕೇ ಕಹಿಯಾಗಿ ಓದಿನಿಂದ ತಪ್ಪಿಸಿಕೊಳ್ಳುವ ಉಪಾಯಗಳನ್ನು ಅದು ಹುಡುಕತೊಡಗುತ್ತದೆ ಎನ್ನುತ್ತಾರೆ. ಮುಂಜಾನೆ ಮದ್ರಸ, ಬಳಿಕ ಶಾಲೆ, ಸಂಜೆ ಟ್ಯೂಷನ್, ರಾತ್ರಿ ಹೋಂವರ್ಕ್ ಎಂದು ನಮ್ಮ ಮಕ್ಕಳ ದಿನವನ್ನು ತುಂಬಿಸುವಾಗ ಈ ಮಾತು ನೆನಪಾಗಬೇಕು. ಒಂಬತ್ತು ಶತಮಾನಗಳ ಹಿಂದಿನ ಮಗುವಿಗೆ ಕುತ್ತಾಬ್ ಒಂದೇ ಇತ್ತು.

ಎರಡನೆಯದು ತಪ್ಪು. ಮಗು ಒಮ್ಮೆ ತಪ್ಪು ಮಾಡಿ ಅದನ್ನು ಮುಚ್ಚಿಡಲು ಯತ್ನಿಸಿದರೆ ಕಂಡೂ ಕಾಣದಂತಿರಬೇಕು, ಅದರ ಮರೆಯನ್ನು ಹರಿಯಬಾರದು. ಮತ್ತೆ ಮಾಡಿದರೆ ಗುಟ್ಟಾಗಿ ಕರೆದು ಬುದ್ಧಿ ಹೇಳಬೇಕು. ಎಲ್ಲರೆದುರು ಪದೇಪದೇ ಬೈದರೆ ಬೈಗುಳ ಕೇಳುವುದು ಮಗುವಿಗೆ ಹಗುರವಾಗುತ್ತದೆ, ಮಾತಿಗೆ ಬೆಲೆ ಹೋಗುತ್ತದೆ. ಮುಚ್ಚಿಡುವ ಮಗುವಿನಲ್ಲಿ ನಾಚಿಕೆ ಇನ್ನೂ ಜೀವಂತವಾಗಿದೆ ಎಂಬುದನ್ನು ಇಮಾಮರು ಅರಿತಿದ್ದರು. ತರಗತಿಯ ಮುಂದೆ ನಿಲ್ಲಿಸಿ ಅವಮಾನಿಸುವ ಪದ್ಧತಿ ಮೊದಲು ಕೊಲ್ಲುವುದು ಆ ನಾಚಿಕೆಯನ್ನೇ.

ಬಡವರ ಮಕ್ಕಳ ಕಡೆಗೆ ಬರೋಣ. ಇಮಾಮ್ ಶಾಫಿಈ(ರ) ಹಿಜರಿ 150ರಲ್ಲಿ (ಕ್ರಿ.ಶ. 767) ಗಾಝಾದಲ್ಲಿ ಜನಿಸಿದರು, ತಂದೆ ತೀರಿಕೊಂಡಿದ್ದರಿಂದ ತಾಯಿ ಮಗುವನ್ನು ಎತ್ತಿಕೊಂಡು ಮಕ್ಕಾ ತಲುಪಿದರು. ಗುರುವಿಗೆ ಕೊಡಲು ತಾಯಿಯ ಕೈಯಲ್ಲಿ ಏನೂ ಇರಲಿಲ್ಲ. ಗುರು ಎದ್ದುಹೋದಾಗ ಉಳಿದ ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನು ಹುಡುಗ ವಹಿಸಿಕೊಂಡ. ಶುಲ್ಕದ ಬದಲು ಅದಕ್ಕೇ ಗುರು ತೃಪ್ತನಾದ. ಇದನ್ನು ಇಮಾಮರೇ ತಮ್ಮ ಬಾಯಿಯಿಂದ ಹೇಳಿಕೊಂಡಿದ್ದಾರೆ. ಶುಲ್ಕ ಬಾಕಿಯೆಂದು ಆ ಗುರು ಮಗುವನ್ನು ಹೊರಗೆ ನಿಲ್ಲಿಸಿದ್ದರೆ ಏನಾಗುತ್ತಿತ್ತೋ ಅಲ್ಲಾಹನೇ ಬಲ್ಲ.

ಬಡತನ ನೋಯಿಸುವುದು ಶುಲ್ಕದಲ್ಲಿ ಮಾತ್ರವಲ್ಲ, ಬುತ್ತಿಯಲ್ಲಿಯೂ. ಫಾಸ್‌ನಿಂದ ಬಂದು ಕೈರೋದಲ್ಲಿ ನೆಲೆಸಿದ್ದ ಇಬ್ನುಲ್ ಹಾಜ್ (ನಿಧನ 1336) ತಮ್ಮ ‘ಮದ್ಖಲ್’ ಗ್ರಂಥದಲ್ಲಿ ಒಂದು ಸೂಚನೆ ಕೊಡುತ್ತಾರೆ. ಮಕ್ಕಳು ಮಕ್ತಬ್‌ಗೆ ಬುತ್ತಿಯನ್ನಾಗಲಿ, ತಿಂಡಿ ಕೊಳ್ಳಲು ಕಾಸನ್ನಾಗಲಿ ತರಲು ಗುರು ಬಿಡಬಾರದು. ಏಕೆಂದರೆ ಅದನ್ನು ಕಂಡು ಬಡ ಮಗುವಿನ ಮನಸ್ಸು ಮುರಿಯುತ್ತದೆ. ಗುರುಗಳ ಕೈಯಲ್ಲಿ ತಾನು ಕಂಡ ಆಯುಧಗಳನ್ನೂ ಅವರು ಹೆಸರಿಸಿ ಖಂಡಿಸುತ್ತಾರೆ: ಒಣಗಿದ ಬಾದಾಮಿ ಮರದ ಕೋಲು, ಖರ್ಜೂರದ ಗರಿಯ ದಿಂಡು, ನೂಬಿಯದ ಚಾಟಿ, ಕಾಲು ಕಟ್ಟಿ ಹೊಡೆಯುವ ಫಲಕ. ಪ್ರತಿ ಮಗುವೂ ಬೇರೆ. ಒಬ್ಬನಿಗೆ ಮುಖ ಗಂಟಿಕ್ಕಿದರೆ ಸಾಕು, ಇನ್ನೊಬ್ಬನಿಗೆ ಒಂದು ಬಿರುಸು ಮಾತು ಬೇಕಾದೀತು ಎಂಬುದು ಅವರ ನಿಲುವು. ಕೈರೋದ ಒಬ್ಬ ಮಾಲಿಕೀ ವಿದ್ವಾಂಸ, ಬೇರೆಯವರ ಬುತ್ತಿಯನ್ನು ಕದ್ದು ನೋಡುವ ಒಂದು ಮಗುವಿನ ಕಣ್ಣನ್ನು ಗಮನಿಸಿದ್ದರು ಎಂಬುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

ಆ ನಗರದಲ್ಲಿ ಅನಾಥ ಮಕ್ಕಳಿಗಾಗಿ ವಕ್ಫ್ ಮಕ್ತಬ್‌ಗಳೂ ಇದ್ದವು. ಕೆಳಗೆ ದಾರಿಹೋಕರಿಗೆ ಕುಡಿಯುವ ನೀರಿನ ಅರವಟ್ಟಿಗೆ, ಮೇಲಿನ ಅಂತಸ್ತಿನಲ್ಲಿ ಗಾಳಿ ಬೆಳಕಿನ ತೆರೆದ ಪಾಠಶಾಲೆ. ಇದು ಅವುಗಳ ವಿನ್ಯಾಸ. 1744ರಲ್ಲಿ ಅಬ್ದುರ್ರಹ್ಮಾನ್ ಕತ್ಖುದಾ ಕಟ್ಟಿಸಿದ ಇಂತಹ ಕಟ್ಟಡ ಇಂದಿಗೂ ಹಳೆಯ ಕೈರೋದ ಬೀದಿಯಲ್ಲಿ ನಿಂತಿದೆ. ಇಂತಹ ವಕ್ಫ್ ಪತ್ರಗಳಲ್ಲಿ ಮಕ್ಕಳ ಬಟ್ಟೆ, ಹಲಗೆ, ಶಾಯಿಗಳ ಖರ್ಚಿಗೂ ಹಣ ಮೀಸಲಾಗಿರುತ್ತಿತ್ತು. ಅನಾಥ ಮಗು ಹರಿದ ಬಟ್ಟೆಯಲ್ಲಿ ಬಂದು ಮೂಲೆಯಲ್ಲಿ ಕೂರದಂತೆ ನೋಡಿಕೊಳ್ಳುವುದೂ ಶಿಕ್ಷಣದ ಖರ್ಚು ಎಂದು ಆ ದಾನಿಗಳು ಬಗೆದರು.

ಇವರೆಲ್ಲರ ಬಳಿಕ ಬಂದ ಇಬ್ನು ಖಲ್ದೂನ್ (1332–1406) ಈ ಚರ್ಚೆಯನ್ನು ಮನೆ, ಮಕ್ತಬ್‌ಗಳಿಂದ ಎತ್ತಿ ಸಮಾಜದ ಮಟ್ಟಕ್ಕೆ ಒಯ್ದರು. 1377ರಲ್ಲಿ ಬರೆದ ‘ಮುಕದ್ದಿಮ’ದಲ್ಲಿ, ವಿದ್ಯಾರ್ಥಿಗಳ ಮೇಲಿನ ಕಠೋರತೆ ಅವರಿಗೇ ಹಾನಿಕರ ಎಂಬುದಕ್ಕೆ ಒಂದು ಪ್ರತ್ಯೇಕ ಅಧ್ಯಾಯವನ್ನೇ ಅವರು ಮೀಸಲಿಟ್ಟಿದ್ದಾರೆ. ದಬ್ಬಾಳಿಕೆಯಲ್ಲಿ ಬೆಳೆದ ಮಗುವಿನ ಮನಸ್ಸು ಕುಗ್ಗುತ್ತದೆ, ಚೈತನ್ಯ ಬತ್ತಿ ಸೋಮಾರಿತನ ಬರುತ್ತದೆ. ತನ್ನ ಮೇಲೆ ಏಳುವ ಕೈಗೆ ಹೆದರಿ ಅದು ಮನಸ್ಸಿನಲ್ಲಿಲ್ಲದುದನ್ನು ತೋರಿಸಲು ಕಲಿಯುತ್ತದೆ. ಸುಳ್ಳು ಮತ್ತು ಕಪಟ ಅದರ ಅಭ್ಯಾಸವಾಗುತ್ತವೆ, ಕ್ರಮೇಣ ಸ್ವಭಾವವೇ ಆಗಿಬಿಡುತ್ತವೆ. ಬೆಳೆದ ಮೇಲೂ ಅಂತಹ ವ್ಯಕ್ತಿ ತನ್ನನ್ನೋ ತನ್ನ ಮನೆಯನ್ನೋ ರಕ್ಷಿಸಿಕೊಳ್ಳುವ ಆತ್ಮಗೌರವವನ್ನು ಕಳೆದುಕೊಂಡು ಇತರರಿಗೆ ಹೊರೆಯಾಗುತ್ತಾನೆ. ಇದಿಷ್ಟೇ ಹೇಳಿ ಅವರು ನಿಲ್ಲಿಸುವುದಿಲ್ಲ. ದಬ್ಬಾಳಿಕೆಗೆ ಸಿಲುಕಿದ ಇಡೀ ಜನಾಂಗಗಳಿಗೂ ಇದೇ ಗತಿಯಾಗುತ್ತದೆ ಎನ್ನುತ್ತಾರೆ. ಸಾಮ್ರಾಜ್ಯಗಳ ಏಳುಬೀಳುಗಳನ್ನು ವಿಶ್ಲೇಷಿಸಿದ ಆ ಇತಿಹಾಸಕಾರನ ದೃಷ್ಟಿಯಲ್ಲಿ ಒಂದು ರಾಷ್ಟ್ರದ ಸೋಲಿಗೂ ಒಂದು ತರಗತಿಯ ಮೂಲೆಯಲ್ಲಿ ನಡುಗುವ ಮಗುವಿಗೂ ಒಂದೇ ನಿಯಮ.

ಪ್ಲೇಗ್ ಮಾರಿಯಲ್ಲಿ ಹದಿಹರೆಯದಲ್ಲೇ ತಂದೆ ತಾಯಿಯನ್ನು ಕಳೆದುಕೊಂಡವರು ಇಬ್ನು ಖಲ್ದೂನ್. ಅದೇ ಅಧ್ಯಾಯದಲ್ಲಿ ಖಲೀಫ ಹಾರೂನ್ ರಶೀದ್ ತನ್ನ ಮಗ ಅಮೀನ್‌ನ ಗುರುವಿಗೆ ಕೊಟ್ಟ ಸೂಚನೆಗಳನ್ನು ಅವರು ಮೆಚ್ಚಿ ಉಲ್ಲೇಖಿಸುತ್ತಾರೆ. ಒಂದು ಗಳಿಗೆಯನ್ನೂ ವ್ಯರ್ಥಗೊಳಿಸದೆ ಕಲಿಸು, ಆದರೆ ಮನಸ್ಸು ಸತ್ತುಹೋಗುವಂತೆ ಅವನನ್ನು ದುಃಖಕ್ಕೆ ತಳ್ಳಬೇಡ, ಸೋಮಾರಿತನ ರುಚಿಸುವಷ್ಟು ಸಡಿಲವನ್ನೂ ಬಿಡಬೇಡ ಎಂಬುದು ಅದರ ತಾತ್ಪರ್ಯ.

ಈಗ ನಮ್ಮ ನಾಡಿಗೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 17ನೇ ವಿಧಿ ಮಗುವಿಗೆ ದೈಹಿಕ ದಂಡನೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ಆದರೆ 2012ರ ತಿದ್ದುಪಡಿಯ ಪ್ರಕಾರ ಮದ್ರಸಗಳು, ವೇದ ಪಾಠಶಾಲೆಗಳು ಮತ್ತು ಮುಖ್ಯವಾಗಿ ಧಾರ್ಮಿಕ ಬೋಧನೆ ನೀಡುವ ಸಂಸ್ಥೆಗಳು ಈ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ಸ್ವಾಯತ್ತತೆಯ ದೃಷ್ಟಿಯಿಂದ ಇದು ನಮಗೆ ಸಮಾಧಾನ ತಂದ ತಿದ್ದುಪಡಿ. ಅದರ ಇನ್ನೊಂದು ಮುಖವನ್ನು ನಾವು ಅಷ್ಟಾಗಿ ಯೋಚಿಸಲಿಲ್ಲ. ಶಾಲೆಯ ಹೊಸ್ತಿಲಲ್ಲಿ ಮಗುವನ್ನು ಕಾಯುವ ಆ ವಿಧಿ ಮದ್ರಸದ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಆ ಹೊಸ್ತಿಲಿನ ಒಳಗೆ ಮಗುವಿನ ಮನಸ್ಸನ್ನು ಕಾಯುವುದು ನಮ್ಮದೇ ಗ್ರಂಥಗಳ, ನಮ್ಮದೇ ಜಮಾಅತ್‌ಗಳ ಕೆಲಸವಾಗಿ ಉಳಿಯುತ್ತದೆ.

ನಮ್ಮ ಜಮಾಅತ್‌ನ ಮದ್ರಸ ಸಮಿತಿಯ ಸಭೆಯೊಂದರಲ್ಲಿ ಈ ವಿಷಯ ಚರ್ಚೆಗೆ ಬಂತು. ಎರಡನೆಯ ತರಗತಿಯ ಬಾಲಕನೊಬ್ಬ ವಾರದಿಂದ ಬೆಳಗ್ಗೆ ಹೊಟ್ಟೆನೋವೆಂದು ಮಲಗುತ್ತಿದ್ದ. ವೈದ್ಯರಿಗೆ ಏನೂ ಸಿಗಲಿಲ್ಲ. ಹಿರಿಯರೊಬ್ಬರು, ನಾವೆಲ್ಲ ಪೆಟ್ಟು ತಿಂದೇ ಬೆಳೆದವರು, ಬೆತ್ತಕ್ಕೆ ನಿಯಮ ಬರೆಯುವುದು ಹೊಸ ಕಾಲದವರ ಗೀಳು ಎಂದರು. ಆಗ ನಾನು ಕೈರವಾನ್‌ನ ಆ ಹೊತ್ತಗೆಯ ಬಗ್ಗೆ ಹೇಳಿದೆ. ಮೂರು ಪೆಟ್ಟಿನ ಗಡಿ, ಕೋಪದಲ್ಲಿ ಹೊಡೆಯಕೂಡದೆಂಬ ನಿಯಮ ಸಾವಿರದ ನೂರೈವತ್ತು ವರ್ಷ ಹಳೆಯದು ಎಂದೆ. ಸಭೆ ಸ್ವಲ್ಪ ಹೊತ್ತು ಮೌನವಾಯಿತು.

ಬಾಗಿಲ ಬಳಿ ಕುಳಿತಿದ್ದ ಯುವ ಉಸ್ತಾದರು ಆಗ ಮಾತಾಡಿದರು. ಒಂದೇ ಕೋಣೆಯಲ್ಲಿ ಅರವತ್ತು ಮಕ್ಕಳು, ನಾಲ್ಕು ತರಗತಿ, ಒಂದೂವರೆ ಗಂಟೆ, ಆಮೇಲೆ ಶಾಲೆಯ ಬಸ್. ಇಬ್ನು ಸಹ್ನೂನ್‌ರ ಕಾಲದ ಗುರುವಿನ ಬಳಿ ಎಷ್ಟು ಮಕ್ಕಳಿದ್ದರು ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರ ಸಂಬಳ ಎಷ್ಟು ವರ್ಷಗಳಿಂದ ಏರಿಲ್ಲವೆಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಎತ್ತಲಿಲ್ಲ. ಇನ್ನೊಬ್ಬ ಉಸ್ತಾದರನ್ನು ನೇಮಿಸುವ ವಿಷಯವನ್ನು ಮುಂದಿನ ಸಭೆಗೆ ಇಡುವುದೆಂದು ತೀರ್ಮಾನವಾಯಿತು.

ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಉಸ್ತಾದರು ಹತ್ತಿರ ಬಂದು, ಆ ಹೊತ್ತಗೆಯ ಪ್ರತಿಯೊಂದನ್ನು ತರಿಸಿಕೊಡಬಹುದೇ ಎಂದು ಕೇಳಿದರು. ಅನುವಾದ ಬೇಡ, ಅರಬಿ ಮೂಲವೇ ಸಾಕು ಎಂದರು.